ಒಡ್ಡಿನ ಕೆಳಗಿನ ಮನೆ

ಸೋಮಲಿಂಗನ ಹೊಲದ ಹಳ್ಳಕ್ಕೆ ಅವನ ಅಜ್ಜ ಹಾಕಿಸಿದ ಮಣ್ಣಿನ ಒಡ್ಡು ಒಂದಿತ್ತು. ಆ ವರ್ಷ ಮುಂಗಾರು ಚೆನ್ನಾಗಿ ಹಿಡಿಯಿತು. ಸೋಮಲಿಂಗ ಕೈಗೆ ಬಂದದ್ದನ್ನು ಬಿಡುವ ಪೈಕಿ ಅಲ್ಲ. ಹೆಚ್ಚಿನ ನೀರು ಹರಿದುಹೋಗುವ ಕೋಡಿಗೆ ಕಲ್ಲು ಜೋಡಿಸಿ, ಮಣ್ಣು ಮೆತ್ತಿ ಮುಚ್ಚಿಬಿಟ್ಟ. ನೀರು ಒಡ್ಡಿನ ಅಂಚಿಗೆ ಬಂತು.

ಅವನು ಹಿಗ್ಗಿನಿಂದ ತನ್ನ ಗುರುಗಳ ಆಶ್ರಮಕ್ಕೆ ಓಡಿದ.

"ಗುರುಗಳ, ಒಂದ ಹನಿ ಸುದ್ದಾ ಹೊರಗ ಬಿಟ್ಟಿಲ್ಲ. ನೀವು ಬಂದು ಬಾಗಿನ ಬಿಡಬೇಕು. ಒಡ್ಡಿನ ಮ್ಯಾಲ ಹಂದರ ಹಾಕಸೀನಿ."

ಗುರುಗಳು ಬಂದರು. ನೀರು ನೋಡಿದರು, ಮುಚ್ಚಿದ ಕೋಡಿ ನೋಡಿದರು. ಹಂದರದಲ್ಲಿ ಕೂರಲಿಲ್ಲ. ಒಡ್ಡಿನ ಆಚೆ ಬದಿಗೆ ಇಳಿದು, ಬುಡದಲ್ಲಿದ್ದ ಕಂಬಳಿ ನೇಯುವ ನಿಂಗವ್ವನ ಮನೆಯ ಮುಂದೆ ಕೂತರು.

"ಇವತ್ತಿನ ಪಾಠ ನೀನ ಹೇಳು," ಎಂದರು.

"ಯಾತರ ಮ್ಯಾಲ?"

"ನಿಶ್ಚಿಂತಿ ಮ್ಯಾಲ."

ಸೋಮಲಿಂಗ ಗಂಟಲು ಸರಿಮಾಡಿಕೊಂಡು ಶುರುಮಾಡಿದ. ತನ್ನ ಒಡ್ಡನ್ನು ಅವನು ಕೆಳಗೆ ಕೂತು ಎಂದೂ ನೋಡಿರಲಿಲ್ಲ. ಅದು ತಲೆಯ ಮೇಲೇ ನಿಂತಂತಿತ್ತು. ನಡುವೆ ಒಂದು ಕಡೆ ಮಣ್ಣು ಒದ್ದೆಯಾಗಿ ಕಪ್ಪಾಗಿತ್ತು. ಅಲ್ಲಿಂದ ನೀರು ಜಿನುಗುತ್ತಿತ್ತು.

ಮೇಲೆ ಗುಡುಗಿತು. ಅವನ ಮಾತು ನಿಂತಿತು.

"ಮುಂದ?" ಎಂದರು ಗುರುಗಳು.

ಸೋಮಲಿಂಗನ ಕಣ್ಣು ಬಾಗಿಲಲ್ಲಿದ್ದ ಗಂಟಿನ ಮೇಲೆ ಬಿತ್ತು.

"ಇದೇನವ್ವಾ?"

"ನನ್ನ ಮಗ್ಗದ ಸಾಮಾನಪ್ಪಾ," ಎಂದಳು ನಿಂಗವ್ವ. "ಮೋಡ ಕಟ್ಟಿತಂದ್ರ ಬಿಚ್ಚಿ ಗಂಟು ಕಟ್ಟತೀನಿ. ನಿನ್ನ ಒಡ್ಡು ಒಡದ್ರ ಹೊತಗೊಂಡು ಓಡಬೇಕಲ್ಲ."

"ಮತ್ತ ಮಳಿಗಾಲದಾಗ ಯಾವಾಗ ನೇಯ್ತಿ?"

"ನೇಯೂದಿಲ್ಲ. ನಾ ನೇಯಾಕ ಕುಂತ್ರ ಒಡ್ಡಿನ ಕಡೆ ಯಾರು ನೋಡಬೇಕು?"

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಸೋಮಲಿಂಗನಿಗೆ ಹೆಚ್ಚು ನಾಚಿಕೆಯಾಯಿತು. ಎದ್ದವನೇ ಕೋಡಿಗೆ ಓಡಿ, ಬರಿಗೈಯಲ್ಲಿ ಕಲ್ಲು ಕೀಳತೊಡಗಿದ. ಗುರುಗಳೂ ಧೋತರ ಮೇಲೆ ಕಟ್ಟಿ ಕಲ್ಲು ಎತ್ತಿದರು. ನೀರು ಭೋರೆಂದು ಹೊರಬಿತ್ತು.

"ಎಷ್ಟು ನೀರು ಹೋತಲ್ಲ, ಗುರುಗಳ!"

"ಹೋಗಲಿ ಬಿಡು. ಅದಕ್ಕ ದಾರಿ ಗೊತ್ತೈತಿ."

ಸೋಮಲಿಂಗ ಒಡ್ಡಿನ ನೀರು ಇಳಿಸಿದ. ಜಿನುಗುವ ಜಾಗ ಅಗೆಸಿ, ಜೇಡಿಮಣ್ಣು ತುಂಬಿ, ದಮ್ಮಸು ಹಾಕಿಸಿ ಗಟ್ಟಿ ಮಾಡಿಸಿದ. ಇಲಿ ತೋಡಿದ ಬಿಲಗಳನ್ನೂ ಮುಚ್ಚಿಸಿ ಆಶ್ರಮಕ್ಕೆ ಬಂದ.

"ಇನ್ನ ಒಡ್ಡು ಭದ್ರ ಆತಲ್ಲ, ಗುರುಗಳ?"

"ನನ್ನ ಯಾಕ ಕೇಳತಿ? ನಿಂಗವ್ವನ ಗಂಟು ನೋಡಿ ಬಾ."

ಅವನು ಹೋಗಿ, ಮುಖ ಸಪ್ಪೆ ಮಾಡಿಕೊಂಡು ಬಂದ.

"ಹಂಗ ಐತಿ."

"ಹಂಗಾರ ನಡಿ, ಕೆಲಸಾ ನೋಡು."

ಅಂದಿನಿಂದ ಮಳೆ ಬಂದಾಗಲೆಲ್ಲ ಸೋಮಲಿಂಗ ಗೋಣಿಚೀಲ ತಲೆಗೆ ಹಾಕಿಕೊಂಡು, ಸಲಿಕೆ ಹಿಡಿದು ಒಡ್ಡಿನ ಬುಡದಲ್ಲಿ ನಡೆದ. ನಿಂಗವ್ವ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಒಂದು ದಿನ ಕರೆದು ಮಜ್ಜಿಗೆ ಕೊಟ್ಟಳು. ಗಂಟು ಮಾತ್ರ ಅಲ್ಲೇ ಇತ್ತು.

ಮುಂದಿನ ಮುಂಗಾರಿನ ಒಂದು ಮಧ್ಯಾಹ್ನ ಜೋರು ಮಳೆ. ಕೋಡಿ ತುಂಬಿ ಹರಿಯುತ್ತಿತ್ತು. ಸಲಿಕೆ ಹಿಡಿದು ಹೊರಟ ಸೋಮಲಿಂಗ ತಟ್ಟನೆ ನಿಂತ. ಮಳೆಯ ಸದ್ದಿನ ನಡುವೆ ನಿಂಗವ್ವನ ಮನೆಯಿಂದ ಮಗ್ಗದ ಸದ್ದು ಕೇಳಿಸುತ್ತಿತ್ತು.

ಅವನು ತೊಯ್ದುಕೊಂಡೇ ಆಶ್ರಮಕ್ಕೆ ಓಡಿದ.

"ಗಂಟು ಬಿಚ್ಯಾಳ, ಗುರುಗಳ! ಮಳಿಯಾಗ ಕುಂತು ನೇಯಾಕ ಹತ್ಯಾಳ! ನನ್ನ ಕೆಲಸಾ ಮುಗೀತು!"

ಗುರುಗಳು ನಕ್ಕು, ತಮ್ಮ ಶಾಲಿನಿಂದ ಅವನ ತಲೆ ಒರೆಸಿದರು.

"ಇಷ್ಟ ದಿನ ಒಡ್ಡು ಆಕಿ ಕಾಯ್ತಿದ್ದಳು. ಇನ್ನ ಮ್ಯಾಲ ನೀ ಕಾಯಬೇಕು."