ಹನ್ನೊಂದನೆಯವನ ಎಲೆ

ಒಂದಾನೊಂದು ಕಾಲ, ಇನ್ನೂ ಉಪ್ಪೇ ಹುಟ್ಟಿರಲಿಲ್ಲ ಮಗಳೇ, ಎಲ್ಲರ ಮನೆ ಸಾರೂ ಇವತ್ತು ನಿಮ್ಮಮ್ಮ ಮಾಡಿದ ಹಾಗೇ ಇರ್ತಿತ್ತಂತೆ, ಆಗ ಪರಮಾಣುಗಳ ಊರಲ್ಲಿ ಒಬ್ಬ ತಾಯಿಗೆ ಮೂರು ಗಂಡುಮಕ್ಕಳು. ದೊಡ್ಡವನು ನಿಯಾನ್, ನಡುವಿನವನು ಸೋಡಿಯಂ, ಕಿರಿಯವನು ಮೆಗ್ನೀಸಿಯಂ. ಹುಟ್ಟುವಾಗಲೇ ದೊಡ್ಡವನ ಹೊಟ್ಟೆಯಲ್ಲಿ ಹತ್ತು ಕಾಳು, ನಡುವಿನವನಿಗೆ ಹನ್ನೊಂದು, ಕಿರಿಯವನಿಗೆ ಹನ್ನೆರಡು. ಆ ಕಾಳಿಗೆ ಪ್ರೋಟಾನು ಅಂತಾರೆ, ಅದರ ಲೆಕ್ಕಕ್ಕೆ ಪರಮಾಣು ಸಂಖ್ಯೆ ಅಂತಾರೆ. ಹೊಟ್ಟೆಯಲ್ಲಿ ಎಷ್ಟು ಕಾಳೋ ಮನೆಗೆ ಅಷ್ಟೇ ನೆಂಟರು, ಅವರೇ ಎಲೆಕ್ಟ್ರಾನುಗಳು.

ನೆಂಟರು ಊಟಕ್ಕೆ ಕೂರೋದಕ್ಕೂ ಒಂದು ಕಟ್ಟಳೆ. ಒಳಗಿನ ಪಂಕ್ತಿಗೆ ಎರಡೇ ಎಲೆ, ಅದರಾಚೆ ಎಂಟು, ಅದು ತುಂಬಿದ ಮೇಲೇ ಮೂರನೇ ಪಂಕ್ತಿ ಹಾಕಬೇಕಂತೆ. ನಿಯಾನನಿಗೆ ಎರಡೂ ಎಂಟೂ ಸೇರಿ ಹತ್ತು ಎಲೆ ಸರಿಹೋಯ್ತು, ಅವನು ಬಾಗಿಲು ಹಾಕ್ಕೊಂಡು ಯಾರನ್ನೂ ಮಾತಾಡಿಸದೆ ಕೂತ. ಮೆಗ್ನೀಸಿಯಂ ಮನೇಲಿ ಮೂರನೇ ಪಂಕ್ತಿಗೆ ಇಬ್ಬರು, ಹರಟೆ ಹೊಡ್ಕೊಂಡಾದ್ರೂ ಇದ್ದರು. ಸೋಡಿಯಂ ಮನೇಲಿ ಮಾತ್ರ ಹನ್ನೊಂದನೆಯವನು ಅಂಗಳದ ತುದೀಲಿ ಒಬ್ಬನೇ. ಬಡಿಸೋರು ಅಲ್ಲಿಗೆ ಬರೋ ಹೊತ್ತಿಗೆ ಪಾಯಸ ಮುಗಿದಿರ್ತಿತ್ತಂತೆ. ಅವನು ಕೂತಲ್ಲಿ ಕೂರದೆ ಚಡಪಡಿಸೋನು, ಅದನ್ನ ನೋಡಿ ನೋಡಿ ಸೋಡಿಯಮ್ಮಿಗೂ ನಿದ್ದೆ ಹಾರಿಹೋಯ್ತು.

ಆಮೇಲೆ ಸೋಡಿಯಂ ಎಂಟರ ಪಂಕ್ತಿಗೆ ಹೋಗಿ ಸ್ವಲ್ಪ ಸರ್ಕೊಳ್ರಪ್ಪಾ ಅಂದ, ಅವರು ಮೊಣಕೈಯಲ್ಲೇ ತಿವಿದು ಕಳಿಸಿದರು. ಆಮೇಲೆ ಅಣ್ಣನ ಬಾಗಿಲು ತಟ್ಟಿ ಇವನೊಬ್ಬನನ್ನ ಇಟ್ಕೋ ಅಂದ, ಅಣ್ಣ ಒಳಗಿಂದಲೇ ನಮ್ಮಲ್ಲಿ ಎಲೆ ಇಲ್ಲ ಅಂದನಂತೆ. ಆಮೇಲೆ ತಲೆ ಕೆಟ್ಟು, ಒಂದು ಕಾಳನ್ನೇ ಕಕ್ಕಿಬಿಡ್ತೀನಿ, ನೆಂಟನೂ ತೊಲಗ್ತಾನೆ ಅಂತ ಬಾಯಿಗೆ ಬೆರಳು ಹಾಕಿದ. ತಾಯಿ ಓಡಿಬಂದು ಕೈ ಹಿಡಿದಳು.

"ಸೋಡೂ, ನೆಂಟನನ್ನ ಯಾರಿಗಾದ್ರೂ ಕೊಡು, ನೀನು ನನ್ನ ಸೋಡೂನೇ. ಕಾಳು ಕಕ್ಕಿದರೆ ನೀನೂ ನಿಯಾನೇ ಆಗ್ತೀಯ. ಅಂಥವನು ನನಗೆ ಒಬ್ಬ ಸಾಕು."

ಊರಾಚೆ ಕ್ಲೋರಿನ್ ಅನ್ನೋ ಘಾಟು ಹೆಂಗಸಿದ್ದಳು. ಹದಿನೇಳು ಕಾಳಿನವಳು. ಅವಳ ಮನೇಲಿ ಎರಡೂ ಎಂಟೂ ತುಂಬಿ, ಮೂರನೇ ಪಂಕ್ತಿಯ ಎಂಟು ಎಲೆಗೆ ಏಳೇ ಜನ. ಒಂದು ಎಲೆ ಖಾಲಿ ಉಳೀತಲ್ಲ ಅಂತ ದಾರಿಹೋಕರ ಮೇಲೆಲ್ಲ ರೇಗೋಳಂತೆ. ಸೋಡಿಯಂ ಹೆದರ್ಕೊಂಡೇ ನೆಂಟನನ್ನ ಕರ್ಕೊಂಡು ಹೋದ. ನೆಂಟ ಆ ಎಲೆ ಮುಂದೆ ಕೂತಿದ್ದೇ ತಡ, ಕ್ಲೋರಿನ್ ನಕ್ಕಳಂತೆ, ಅವಳ ಹಲ್ಲು ಊರು ನೋಡಿದ್ದು ಅವತ್ತೇ. ಸೋಡಿಯಂ ಬರ್ತೀನಿ ಅಂತ ಎದ್ದ, ಹೊರಡೋಕೇ ಆಗಲಿಲ್ಲ. ಇವನಲ್ಲಿ ಕಾಳು ಹನ್ನೊಂದು, ನೆಂಟರು ಹತ್ತೇ. ಅವಳಲ್ಲಿ ನೆಂಟ ಒಬ್ಬ ಹೆಚ್ಚು. ಕಾಳಿಗೂ ನೆಂಟರಿಗೂ ಒಂದನ್ನೊಂದು ಎಳೆಯೋ ಗುಣ, ಆ ಎಳೆತ ಬಿಡಬೇಕಲ್ಲ. ನೆಂಟನನ್ನ ಸಾಗಹಾಕೋಕೆ ಬಂದವನು ತಾನೇ ಮನೆ ಅಳಿಯನಾಗಿ ಕೂತ.

ಅವರಿಬ್ಬರ ಸಂಸಾರವೇ ಉಪ್ಪು, ಮಗಳೇ. ಹನ್ನೊಂದನೆಯವನಿಗೆ ಈಗ ಪಾಯಸ ಬಿಸಿಬಿಸಿಯಾಗೇ ಸಿಗುತ್ತಂತೆ. ನಾಳೆ ಸಾರಿಗೆ ಅವರನ್ನ ಕರೆಯೋದು ಮರೀಬೇಡ ಅಂತ ನಿಮ್ಮಮ್ಮನಿಗೆ ಹೇಳು. ಕತೆ ಉಪ್ಪಿನ ಭರಣಿ ಸೇರ್ತು, ನೀನು ಕಂಬಳಿ ಸೇರು.