ಮಜ್ಜಿಗೆ ಅಜ್ಜಿಯ ಕಡಗೋಲು

“ಗುರುಗಳೇ, ಬಸ್ ಸ್ಟ್ಯಾಂಡಲ್ಲಿ ಯಾರ ಮಕ್ಕಳೋ ಏನೋ, ಒಬ್ಬರು ಮುದುಕರ ಟೋಪಿ ಕಿತ್ಕೊಂಡು ಆಟ ಆಡಿಸ್ತಿದ್ರು. ಮೀಸೆ ಚಿಗುರೋ ವಯಸ್ಸಿನ ಹುಡುಗರು. ಬೈದ್ರೆ ನಮ್ಮ ಮೇಲೇ ಬೀಳ್ತಾರೆ. ನಾವೆಲ್ಲ ನೋಡ್ತಾ ನಿಂತ್ವಿ. ಏನು ಮಾಡ್ಬೇಕಿತ್ತು?” ಅಂತ ಶಿಷ್ಯ ಚನ್ನಮಲ್ಲ ಕೇಳಿದ.

ಗುರುಗಳು ಕತೆ ಶುರು ಮಾಡಿದ್ರು.

ಒಂದು ಸಂತೆ. ಎಷ್ಟು ದೊಡ್ಡದು ಅಂದ್ರೆ, ಈ ತುದೀಲಿ ಕೊಂಡ ಎಳೆ ಬದನೆಕಾಯಿ ಆ ತುದಿ ಮುಟ್ಟೋ ಹೊತ್ತಿಗೆ ಬಲಿತು ಬೀಜ ಕಟ್ಟೋದು. ಅಲ್ಲೊಬ್ಬ ಅಜ್ಜಿ ಮಜ್ಜಿಗೆ ಮಾರ್ತಿದ್ಳು. ಆ ಮಜ್ಜಿಗೆ ಕುಡಿದ ಮುದಿ ಎತ್ತು ಗಾಡಿ ಸಮೇತ ಕುಣಿಯೋದು.

“ನೀವು ಕಂಡಿದ್ರಾ ಗುರುಗಳೇ?”

“ಬೇಕಾದ್ರೆ ಎತ್ತನ್ನೇ ಕೇಳು. ಮುಂದೆ ಕೇಳಿಸ್ಕೋ.”

ಅವತ್ತು ಕಾಮನ ಹುಣ್ಣಿಮೆ. ಕಾಮನ್ನ ಸುಡೋಕೆ ಹುಡುಗರು ಸೌದೆ ಕದೀತಾರೆ, ಕದ್ದೋರನ್ನ ಬೈಬಾರದು ಅನ್ನೋದು ಪದ್ಧತಿ. ಮುಖಕ್ಕೆ ಮಸಿ ಬಳ್ಕೊಂಡ ಹುಡುಗರ ಗುಂಪೊಂದು ಸಂತೆಗೆ ನುಗ್ತು. ಅದರಲ್ಲೊಬ್ಬ ಅಜ್ಜಿಯ ಕಡಗೋಲು ಕಿತ್ಕೊಂಡ. ಮಡಕೆ ಉರುಳ್ತು. ಮಜ್ಜಿಗೆ ಚೆಲ್ತು. ಹುಡುಗ ಕಡಗೋಲು ಎತ್ತಿ ತೋರಿಸಿ ನಕ್ಕ.

“ಅದೊಂದೇ ಕಣ್ರಪ್ಪಾ ನನಗಿರೋದು! ಯಾರ ಮಗ ಇವನು? ಹೆಸರು ಹಿಡಿದು ಕರೆದ್ರೆ ನಿಲ್ತಾನೆ, ಹೇಳ್ರಪ್ಪಾ” ಅಂದ್ಳು ಅಜ್ಜಿ.

“ಕಾಮಣ್ಣನ ಮಗ ಕಣಜ್ಜಿ!” ಅಂತ ಸಂತೆಗೆ ಸಂತೇನೇ ನಕ್ತು.

ಅಲ್ಲೇ ಒಬ್ಬ ಬಟ್ಟೆ ವ್ಯಾಪಾರಿ ನಿಂತಿದ್ದ. ಅವನ ಮನೆತನದವರು ನಕ್ಕರೆ ಕೊನೇಲಿ ಕುದುರೆ ಕೆನೆದ ಹಾಗಾಗೋದು. ಹುಡುಗ ನಕ್ಕಾಗಲೂ ಹಾಗೇ ಆಯ್ತು. ಮಸಿಯೊಳಗಿದ್ದವನು ತನ್ನ ಮಗ ಅಂತ ವ್ಯಾಪಾರಿಗೆ ಗೊತ್ತಾಯ್ತು.

“ಸಾವ್ಕಾರ್ರೆ, ನೀವಾದ್ರೂ ಹೇಳಿ” ಅಂದ್ಳು ಅಜ್ಜಿ.

ವ್ಯಾಪಾರಿ ಸುತ್ತ ನೋಡಿದ. ಗಿರಾಕಿಗಳೆಲ್ಲ ಅವನನ್ನೇ ನೋಡ್ತಿದ್ರು. “ನಮ್ಮ ಕಡೆಯೋನಲ್ಲಮ್ಮ. ಯಾರ ಮಗನೋ ಏನೋ” ಅಂದ.

ಹುಡುಗನ ನಗು ಅರ್ಧಕ್ಕೇ ನಿಂತ್ಹೋಯ್ತು. ಕಡಗೋಲು ಎತ್ತಿದ ಕೈ ಇಳೀಲಿಲ್ಲ. ಅವನ ಜೊತೆಗಾರರು ಒಬ್ಬೊಬ್ಬರೇ ಜಾರ್ಕೊಂಡ್ರು.

ಅಜ್ಜಿ ಎಲ್ಲರ ಮುಖಾನೂ ನೋಡಿದ್ಳು. ಆಮೇಲೆ ಹುಡುಗನ ಕಡೆ ತಿರುಗಿದ್ಳು. “ಇಷ್ಟು ಜನದಲ್ಲಿ ನಿನಗೆ ಯಾರೂ ಇಲ್ವೇನೋ? ಹಾಗಾದ್ರೆ ನನ್ನ ಮೊಮ್ಮಗ ಅಂತಲೇ ಇರ್ಲಿ. ಬಾ ಇಲ್ಲಿ. ಆ ಕೋಲು ಇಡು, ಮಡಕೆ ಎತ್ತು. ಮುಖ ನೋಡು, ಬಾಣಲೆ ತಳ ಆಗಿದೆ!”

ಹುಡುಗ ಬಂದ. ಮಡಕೆ ಎತ್ತಿಟ್ಟ. ತಳದಲ್ಲಿ ಉಳಿದಿದ್ದ ಮಜ್ಜಿಗೇನ ಅಜ್ಜಿ ಅವನಿಗೇ ಕೊಟ್ಳು. ಅವನು ಕುಡೀಲಿಲ್ಲ, ಲೋಟ ಹಿಡ್ಕೊಂಡು ಅತ್ತ.

ಸಂತೆ ಎತ್ತೋ ಹೊತ್ತಿಗೆ ವ್ಯಾಪಾರಿ ಅಲ್ಲಿಗೆ ಬಂದ. ಹುಡುಗ ಮುಖ ತೊಳ್ಕೊಂಡು ಅಜ್ಜಿ ಪಕ್ಕ ಕೂತು ಲೋಟ ಬೆಳಗ್ತಿದ್ದ.

“ನಡಿಯೋ ಮನೆಗೆ. ನಿಮ್ಮಮ್ಮ ಕಾಯ್ತಿದಾಳೆ.”

ಹುಡುಗ ತಲೆ ಎತ್ತಲಿಲ್ಲ. “ಯಾರು ಬೇಕಾಗಿತ್ತು ಸಾವ್ಕಾರ್ರೆ?” ಅಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದ್ರು.

“ಆ ಸಾವ್ಕಾರ ಹೆತ್ತಪ್ಪ ಗುರುಗಳೇ, ಅವನು ಹೇಳ್ಬೇಕಿತ್ತು ಬಿಡಿ. ನಾವು ದಾರೀಲಿ ಹೋಗೋರು. ನಾವೇನು ಮಾಡೋಕಾಗುತ್ತೆ?”

“ಬಸ್ ಸ್ಟ್ಯಾಂಡಲ್ಲಿ ಟೋಪಿ ಕಿತ್ಕೊಂಡೋರು ಯಾರ ಮಕ್ಕಳು ಅಂದೆ, ಇನ್ನೊಂದ್ಸಲ ಹೇಳು” ಅಂದ್ರು ಗುರುಗಳು.