ಸಿಟ್ಟಿನಕಲ್ಲು

ಹುಣಸಿಹೊಂಡದ ಹಳ್ಳದ ದಂಡೆಗೆ ಇಂದು ಹೋದರೆ ಕರಿಕಲ್ಲಿನ ಒಂದೇ ಅಂಕಣದ ಮನೆ ಕಾಣುತ್ತದೆ. ಮಾಡು ಬಿದ್ದು ಎಷ್ಟೋ ಕಾಲವಾಯಿತು. ನೆಲದಡಿಯಲ್ಲಿ ಕಮಾನು, ಅದರೊಳಗೆ ಮರದ ಚಕ್ರ ತಿರುಗುತ್ತಿದ್ದ ಕುಳಿ, ಮೇಲೆ ಬಂಡಿಯ ಗಾಲಿಯಷ್ಟು ಅಗಲದ ಜೋಡಿ ಬೀಸುಕಲ್ಲು. ಒಡ್ಡಿನಿಂದ ಇಳಿಜಾರಾಗಿ ಬರುವ ಕಾಲುವೆಯ ಬಾಯಲ್ಲಿ ಪುಟ್ಟದೊಂದು ದುಂಡುಕಲ್ಲು ಅಡ್ಡ ಸಿಕ್ಕಿಕೊಂಡಿದೆ. ಈ ಜಾಗಕ್ಕೆ ಸಿಟ್ಟಿನಕಲ್ಲು ಎಂಬ ಹೆಸರು ಬಂದದ್ದು ಅದರಿಂದಲೇ ಎನ್ನುತ್ತಾರೆ.

ಹಿಂದೆ ಒಮ್ಮೆ ಈ ಊರಲ್ಲಿ ಬಾಳವ್ವ ಎಂಬ ವಿಧವೆಯಿದ್ದಳು. ಕಂಡವರ ಮನೆಯ ಜೋಳ ಬೀಸಿಕೊಟ್ಟು, ಅವರು ಕೊಟ್ಟ ಕಾಳಿನಲ್ಲಿ ಹೊಟ್ಟೆ ಹೊರೆಯುತ್ತಿದ್ದಳು. ಮೌನಪ್ಪನೆಂಬ ಕಲ್ಲುಕುಟಿಗ ಬಂದು, ಹಳ್ಳದ ನೀರಿಗೇ ತಿರುಗುವ ಬೀಸುಕಲ್ಲು ಕಟ್ಟಿದ ಮೇಲೆ ಅವಳ ಬಾಗಿಲಿಗೆ ಬುಟ್ಟಿ ಬರುವುದು ನಿಂತಿತು. ಹೊಸ ಕಲ್ಲೋ, ನೀರಿನ ರಭಸಕ್ಕೆ ಹುಚ್ಚೆದ್ದು ತಿರುಗಿ ಹಿಟ್ಟನ್ನು ಸುಡುತ್ತಿತ್ತು. ಆ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಹರಿಯುತ್ತಿತ್ತು. ಮೌನಪ್ಪ ಏನು ಮಾಡಿದರೂ ಕಲ್ಲು ಪಳಗಲಿಲ್ಲ. ಆದರೂ ರಟ್ಟೆನೋವು ತಪ್ಪಿತಲ್ಲ ಎಂದು ಹೆಂಗಸರು ಹರಿದ ರೊಟ್ಟಿಯನ್ನೇ ತಿಂದರು. ಬಾಳವ್ವನ ಹೊಟ್ಟೆಗೆ ತಣ್ಣೀರುಬಟ್ಟೆಯೇ ಗತಿಯಾಯಿತು. ಇನ್ನೊಂದಿಷ್ಟು ದಿನ ತಾಳಿದ್ದರೆ ಊರೇ ಅವಳ ಬಾಗಿಲಿಗೆ ತಿರುಗಿ ಬರುತ್ತಿತ್ತೋ ಏನೋ. ಹಸಿದವಳಿಗೆ ತಾಳ್ಮೆ ಎಲ್ಲಿಂದ ಬರಬೇಕು? ಒಂದು ಮಧ್ಯಾಹ್ನ ತನ್ನ ಬೀಸುಕಲ್ಲಿನ ಮೇಲ್ಕಲ್ಲನ್ನೇ ಹೊತ್ತು ತಂದು, ಹಾಳಾಗಿ ಹೋಗು ಎಂದು ಕಾಲುವೆಯ ಬಾಯಿಗೆ ಎತ್ತಿಹಾಕಿದಳು.

ಚಕ್ರ ನಿಲ್ಲಲಿಲ್ಲ. ಅರ್ಧ ನೀರು ಪಕ್ಕಕ್ಕೆ ಚೆಲ್ಲಿ, ಉಳಿದರ್ಧಕ್ಕೆ ಸಾವಕಾಶವಾಗಿ ತಿರುಗತೊಡಗಿತು. ಅಂದು ಬಿದ್ದ ಹಿಟ್ಟು ತಣ್ಣಗಿತ್ತು, ನುಣ್ಣಗಿತ್ತು. ಕಾರಣ ಹುಡುಕುತ್ತ ಕಾಲುವೆ ಹತ್ತಿದ ಮೌನಪ್ಪನ ಹಿಂದೆ ಬೀಸಲು ಬಂದ ಹೆಂಗಸರೆಲ್ಲ ಬಂದರು. ಬಾಳವ್ವ ಅಲ್ಲಿಂದ ಕದಲಿರಲಿಲ್ಲ.

“ಹೌದು, ನಾನ ಒಗದೀನಿ. ನಿಂದರ್ಲಿ ಅಂತನ ಒಗದೀನಿ,” ಎಂದಳು.

ಮೌನಪ್ಪ ಕೈಮುಗಿದ. “ಯವ್ವಾ, ನನ್ನ ಮರ್ಯಾದಿ ಉಳಿಸಿದಿ. ಈ ಕಲ್ಲ ಇನ್ನ ತೆಗಿಯೂಹಂಗಿಲ್ಲ.”

“ಮತ್ತ ನಾ ಯಾತರಾಗ ಬೀಸ್ಲಿ?”

ಇಷ್ಟು ದಿನ ಅವಳ ಒಲೆ ಹೊತ್ತಿತೇ ಎಂದು ಕೇಳದೆ ಇದ್ದುದು ಎಲ್ಲರಿಗೂ ಅಂದು ನೆನಪಾಗಿ ನಾಚಿಕೆಯಾಯಿತು. ಕಡೆಗೆ ಬುಟ್ಟಿ ಹೊತ್ತಿದ್ದ ಮುದುಕಿಯೊಬ್ಬಳು ಒಂದು ಹಿಡಿ ಹಿಟ್ಟು ತೆಗೆದು ಬಾಳವ್ವನ ಉಡಿಗೆ ಹಾಕಿದಳು. ಕಲ್ಲು ಅವಳದು, ಪಾಲೂ ಅವಳದು ಎಂದು ಉಳಿದವರೂ ಹಾಗೆಯೇ ಮಾಡಿದರು. ಅವಳಿರುವ ತನಕ ಆ ಹಿಡಿ ತಪ್ಪಲಿಲ್ಲ ಎನ್ನುತ್ತಾರೆ.

ಈಗ ಚಕ್ರವಿಲ್ಲ, ಹಿಟ್ಟೂ ಇಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಆ ಕಲ್ಲಿನಲ್ಲಿ ಹಿಡಿಗೂಟದ ಕುಳಿ ಕಾಣುತ್ತದೆ. ಸುಗ್ಗಿ ಮುಗಿಸಿ ಮರಳುವ ಹೆಂಗಸರು ಅದರಲ್ಲಿ ನಾಲ್ಕು ಕಾಳು ಜೋಳ ಇಟ್ಟು ಹೋಗುತ್ತಾರೆ. ಏಕೆಂದು ಕೇಳಿದರೆ, “ಬಾಳವ್ವನ ಪಾಲು ರೀ” ಎನ್ನುತ್ತಾರೆ.